ಡಿಸ್ಕಿನ ಪಾಲು, ಮನೆಯ ಪಾಲು

ತಮಿಳುನಾಡಿನ ಕಂಬಂ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುವುದು, ಡಿಸ್ಕಿನಲ್ಲಿ ಜಾಗ ಹೊಂದಿಸುವುದು ನನ್ನ ಕೆಲಸ. ಯಂತ್ರ ಬೇಗ ಸರಿಹೋಗುತ್ತದೆ. ಅದರ ಬಗ್ಗೆ ನಾನಾಡಿದ ಮಾತು ಯಾರ ಕಿವಿಗೆ ಹೇಗೆ ಬೀಳುತ್ತದೋ, ಅದನ್ನು ಸರಿಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಕಸದ ಬುಟ್ಟಿ

ಮಾರ್ಕಯನ್‌ಕೋಟ್ಟೈಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಏನಮ್ಮಾ, ಇಷ್ಟೊಂದು ಸಿನಿಮಾ ಅಳಿಸಿದೆ, ಇನ್ನೂ ಜಾಗ ಇಲ್ಲ ಅಂತದೆ!"

ಅಳಿಸಿದ್ದೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲೇ ಕೂತಿರುತ್ತದೆ. "ಕಸದ ಬುಟ್ಟಿ ಖಾಲಿ ಮಾಡಿ ಸಾರ್," ಎಂದೆ.

"ಅಷ್ಟೇನಾ?" ಎಂದು ಫೋನಿಟ್ಟರು.

ಸ್ವಲ್ಪ ಹೊತ್ತಿಗೆ ಅವರ ಹೆಂಡತಿಯ ಫೋನು. "ಏನ್ ಹೇಳ್ದೆ ನನ್ ಕಣ್ಣೇ, ಇವ್ರಿಗೆ? ಅಡಿಗೆಮನೆ ಬುಟ್ಟಿ, ಹಿತ್ಲು ಬುಟ್ಟಿ ಎಲ್ಲಾ ತಾವೇ ಹೊತ್ಕೊಂಡೋಗಿ ಸುರ್ದು ಬಂದವ್ರೆ!"

ನಗು ತಡೆದುಕೊಂಡು ವಿಷಯ ಬಿಡಿಸಿ ಹೇಳಿದೆ. "ಸಾರ್ ಕೈಗೆ ಕೊಡಿ, ಸರಿಯಾಗಿ ಹೇಳ್ತೀನಿ."

"ಬ್ಯಾಡ ಬ್ಯಾಡ! ವಾರಕ್ಕೊಂದ್ಸಲ ಹಿಂಗೇ ಹೇಳು."

ಮಾಮನ ಕೂದಲು

ಸ್ಟುಡಿಯೋ ಇಟ್ಟಿರುವ ತಂಬಿಯೊಬ್ಬನಿದ್ದಾನೆ. ಅವನ ಕಂಪ್ಯೂಟರಿನಲ್ಲಿ ತಾತ್ಕಾಲಿಕ ಫೋಲ್ಡರನ್ನು ಡಿಸ್ಕಿನ ಬದಲು ಮೆಮೊರಿಯಲ್ಲೇ ಇಟ್ಟುಕೊಟ್ಟಿದ್ದೆ. ಕೆಲಸ ಬೇಗ ಆಗುತ್ತದೆ, ಆದರೆ ಕರೆಂಟ್ ಹೋದರೆ ಅದರಲ್ಲಿದ್ದದ್ದೂ ಹೋಗುತ್ತದೆ. ಹೇಳಿಯೂ ಇದ್ದೆ. ಅವನು 'ಬೇಗ' ಎನ್ನುವುದನ್ನಷ್ಟೇ ಕೇಳಿಸಿಕೊಂಡು, ಒಂದು ಕಿವಿ ಚುಚ್ಚುವ ಶಾಸ್ತ್ರದ ಇಡೀ ಆಲ್ಬಮ್ಮನ್ನು ಅಲ್ಲೇ ತಿದ್ದಿ ಇಟ್ಟ. ಕರೆಂಟ್ ಹೋಯಿತು.

ಓಡಿಬಂದ. "ಅಕ್ಕಾ, ಎಲ್ಲಾ ಹೋಯ್ತು!"

"ಕ್ಯಾಮೆರಾ ಕಾರ್ಡಲ್ಲಿ ಒರಿಜಿನಲ್ ಇದೆಯಲ್ಲೋ?"

"ಅದಿದೆ ಅಕ್ಕಾ. ಮಗು ಇದೆ, ಕಿವಿ ಇದೆ, ಓಲೆ ಇದೆ. ಆದ್ರೆ ಮಗುನ ತೊಡೆ ಮೇಲೆ ಕೂರಿಸ್ಕೊಂಡಿರೋ ಸೋದರಮಾಮನ ನರೆತ ತಲೆ, ಮೀಸೆ ಎಲ್ಲಾ ಕಪ್ಪು ಮಾಡಿದ್ದೆ. ಈಗ ಅವರು ಸ್ಟುಡಿಯೋಲಿ ಬಂದು ಕೂತವ್ರೆ, ಫೋಟೋದಲ್ಲಿ ಮತ್ತೆ ಮುದುಕ ಆಗ್ಬಿಟ್ಟವ್ರೆ!"

ಮನೆ ಬೇರೆ

ಲಿನಕ್ಸಿನಲ್ಲಿ ನಮ್ಮ ಫೈಲುಗಳಿರುವ ಜಾಗಕ್ಕೆ 'ಹೋಮ್' ಎಂದು ಹೆಸರು. ನಾನು ಎಲ್ಲರಿಗೂ 'ಮನೆ' ಅಂತಲೇ ಹೇಳುವುದು. ಒಂದು ಸಂಜೆ ದಿಂಡಿಗಲ್ಲಿನ ನನ್ನ ತಮ್ಮನಿಗೆ ಅವನ ಡಿಸ್ಕನ್ನು ಭಾಗ ಮಾಡುವುದು ಹೇಗೆಂದು ಫೋನಿನಲ್ಲಿ ವಿವರಿಸುತ್ತಿದ್ದೆ. "ಮನೆ ಬೇರೆ ಮಾಡಲೇಬೇಕು ಕಣೋ. ಎಲ್ಲಾ ಒಂದರಲ್ಲೇ ಇದ್ರೆ ಜಾಗ ಸಾಲಲ್ಲ. ನಾಳೆ ಹಳೇದನ್ನೆಲ್ಲ ಅಳಿಸಿ ಹಾಕಿದ್ರೂ ನಮ್ಮದು ನಮಗೆ ಉಳೀಬೇಕು."

ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಎದ್ದು ಒಳಗೆ ಹೋದರು. ಊಟಕ್ಕೂ ಬರಲಿಲ್ಲ.

ಬೆಳಿಗ್ಗೆ ತೇವಾರಂನಿಂದ ದೊಡ್ಡಮಾವ ಬಂದಿಳಿದರು. ಗಂಡ, ಮೈದುನ, ಓರಗಿತ್ತಿ ಎಲ್ಲರನ್ನೂ ಕೂರಿಸಿ, "ಈ ಮನೇಲಿ ನಿಂಗೇನ್ ಕುಂದಾಯ್ತಮ್ಮಾ?" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಕೇಳಿಸಿಕೊಂಡು ರಾತ್ರಿಯೇ ಫೋನಿನಲ್ಲಿ ತಿಳಿಸಿದ್ದನ್ನು ದೊಡ್ಡಮಾವ ಹೇಳಿದ ಮೇಲೆ ಲ್ಯಾಪ್‌ಟಾಪ್ ತೆರೆದು, ಡಿಸ್ಕಿನ ಭಾಗಗಳನ್ನು ತೋರಿಸಿದೆ. ದೊಡ್ಡಮಾವ ಬಗ್ಗಿ ನೋಡಿದರು. "ಪಾಲಾಗೋದು ಈ ಪೆಟ್ಟಿಗೆ ಒಳಗೇನಾ? ಇದಕ್ಕಾ ನಾನು ಮೊದಲ ಬಸ್ ಹತ್ತಿದ್ದು!"

ಎಲ್ಲರೂ ನಕ್ಕರು, ಅತ್ತೆ ಒಬ್ಬರನ್ನು ಬಿಟ್ಟು. ಅವರು ಮೆಲ್ಲಗೆ ಬಾಗಿಲ ಹಿಂದಿನಿಂದ ಒಂದು ದೊಡ್ಡ ಚೀಲ ಎಳೆದು, ತಮ್ಮ ಸೀರೆಗಳನ್ನೂ ಕಾಫಿ ಫಿಲ್ಟರನ್ನೂ ಒಂದೊಂದಾಗಿ ಹೊರಗಿಡತೊಡಗಿದರು.

"ಇದೇನತ್ತೆ?"

"ನೀ ಬೇರೆ ಹೋದ್ರೆ ನಾನಿಲ್ಲಿ ಯಾರ ಜತೆ ಮಾತಾಡ್ಲಿ? ನಿನ್ ಜತೆ ಬರಾಕೆ ಕಟ್ಟಿಟ್ಟಿದ್ದೆ."

"ನಿಮ್ಮ ಮಗ?"

ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ. "ಅವನಿಗೆ ನೀ ಜಾಗ ಕೊಟ್ರೆ ಬರ್ಲಿ."