ಗುದ್ದುವೀರನ ಮುಸುಕು

ಚಿತ್ರಗಾರನ ಶನಿವಾರ ಕೆಟ್ಟದ್ದು ಹೆಂಡತಿಯ ಒಂದು ಮಾತಿನಿಂದ. ಆ ಮಾತನ್ನು ಆಕೆ ಹೇಳಿದ್ದು ಹದಿನೈದು ದಿನ ಹಿಂದೆ.

"ಇನ್ಮೇಲೆ ಬೀದಿಯವರ ಮುಖ ಬರೀಬೇಡಿ. ನಲ್ಲಿ ಹತ್ರ ತಲೆ ಎತ್ಕೊಂಡು ನಿಲ್ಲೋಕಾಗ್ತಿಲ್ಲ ನಂಗೆ."

ಆಕೆಯ ಸಂಕಟ ಸುಳ್ಳಲ್ಲ. ಚಿತ್ರಗಾರ ಹದಿನಾಲ್ಕು ವರ್ಷಗಳಿಂದ ಒಂದು ವಾರಪತ್ರಿಕೆಗೆ 'ಗುದ್ದುವೀರ' ಎಂಬ ಚಿತ್ರಕತೆ ಬರೆಯುತ್ತಿದ್ದ. ಕಪ್ಪು ಮುಸುಕಿನ ಗುದ್ದುವೀರ ವಾರಕ್ಕೊಬ್ಬ ಕಳ್ಳನನ್ನು ಹಿಡಿದು, ಹೆಸರು ಊರು ಏನೂ ಕೇಳದೆ, ಮುಖಮೂತಿ ನೋಡದೆ ಗುದ್ದುತ್ತಿದ್ದ. ಪಾಪ, ಚಿತ್ರಗಾರನಲ್ಲಿ ಇದ್ದ ಕುಂದು ಒಂದೇ. ಕಣ್ಣಾರೆ ಕಂಡ ಮುಖವಲ್ಲದೆ ಬೇರೆ ಮುಖ ಬರೆಯಲು ಅವನ ಕೈಗೆ ಬರುತ್ತಿರಲಿಲ್ಲ. ಒಬ್ಬರ ಮೂಗಿಗೆ ಇನ್ನೊಬ್ಬರ ಕಿವಿ ಅಂಟಿಸಿ ಹೇಗೋ ನಿಭಾಯಿಸುತ್ತಿದ್ದ. ಕಳೆದ ತಿಂಗಳು ಕೆಳಮನೆಯ ದರ್ಜಿ ತನ್ನ ಕಿವಿಯನ್ನು ಗುರುತಿಸಿಬಿಟ್ಟ.

ಹೆಂಡತಿಯ ಮಾತಿಗೆ ಕಟ್ಟುಬಿದ್ದ ಚಿತ್ರಗಾರ ಕನ್ನಡಿ ಮುಂದಿಟ್ಟುಕೊಂಡು, ಈ ವಾರದ ಸಿಲಿಂಡರ್ ಕಳ್ಳನಿಗೆ ತನ್ನ ಮುಖವನ್ನೇ ಹಾಕಿದ. ಬೋಳುತಲೆ, ದಪ್ಪ ಕನ್ನಡಕ, ಗಲ್ಲದ ಮಚ್ಚೆ, ಯಾವುದನ್ನೂ ಬಿಡಲಿಲ್ಲ. ತನ್ನ ಮುಖದ ಮೇಲೆ ತಾನೇ ಜಗಳಕ್ಕೆ ಬರುವುದಿಲ್ಲವಲ್ಲ ಎಂಬ ಧೈರ್ಯ ಅವನದು.

ಶನಿವಾರ ಬೆಳಿಗ್ಗೆ ಆ ಸಂಚಿಕೆ ಮನೆಮನೆಗೆ ಬಂತು. ಅದರ ಹಿಂಬದಿಯಲ್ಲಿ ಸಂಪಾದಕರು ದೊಡ್ಡ ಅಕ್ಷರದಲ್ಲಿ, ಗುದ್ದುವೀರನ ಮುಸುಕು ಇವತ್ತೇ ಸಂಜೆ ವಿಶೇಷ ಪುರವಣಿಯಲ್ಲಿ ಕಳಚಲಿದೆ ಎಂದು ಸಾರಿದ್ದರು. ಪುರವಣಿಯ ಪುಟವನ್ನು ಚಿತ್ರಗಾರ ಬರೆದಾಗಿತ್ತು, ಮುಖವೊಂದನ್ನು ಬಿಟ್ಟು. ಯಾರ ಮುಖ ಹಾಕಬೇಕೆಂದು ತಿಳಿಯದೆ ಮುಸುಕಿನ ಕೆಳಗೆ ಖಾಲಿ ಬಿಟ್ಟಿದ್ದ. ಸಂಪಾದಕರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು: "ನಾಲ್ಕು ಗಂಟೆಗೆ ಮುಖ ಸಮೇತ ಬನ್ನಿ. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಪದಬಂಧ ಹಾಕ್ತೀನಿ, ಕಾಯಂ ಆಗಿ." ಚಿತ್ರಗಾರನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ದಾರಿಯಲ್ಲಿ ಯಾರಾದರೂ ಅಪರಿಚಿತನ ಒಳ್ಳೆಯ ಮುಖ ಸಿಕ್ಕೀತೆಂದು, ಕುಂಚ ಜೇಬಿಗೆ ಹಾಕಿ, ಪುಟ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಹೇಗೂ ಹೋಗ್ತಿದ್ದೀರಲ್ಲ, ಈ ಸಿಲಿಂಡರ್ ಕೊಟ್ಟು ತುಂಬಿದ್ದು ತನ್ನಿ," ಎಂದಳು ಹೆಂಡತಿ.

ಸಿಲಿಂಡರನ್ನು ಹೆಗಲಿಗೇರಿಸಿ ಬೀದಿಗಿಳಿದ. ಈ ವಾರದ ಮುಖಪುಟದಲ್ಲಿ ಕಳ್ಳ ನಿಂತದ್ದೂ ಹೀಗೆಯೇ.

ಬೀದಿಯ ಕೊನೆಯಲ್ಲಿ ಓದುಗ ಅಭಿಮಾನಿಗಳ ಗುದ್ದುವೀರ ಸೇವಾ ಬಳಗ ಕಾವಲು ನಿಂತಿತ್ತು. ನಿವೃತ್ತ ಡ್ರಿಲ್ ಮೇಷ್ಟ್ರು ಅದರ ಅಧ್ಯಕ್ಷರು. ದರ್ಜಿ ಕಾರ್ಯದರ್ಶಿ. ಬಳಗದ ಕಪ್ಪು ಮುಸುಕುಗಳನ್ನೆಲ್ಲ ಅವನೇ ಹೊಲಿದದ್ದು, ಅಳತೆ ತಪ್ಪಿ ಮೇಷ್ಟ್ರ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಆ ಒಂದು ಕಣ್ಣು ಚಿತ್ರಗಾರನನ್ನು ನೋಡಿತು, ಕೈಯಲ್ಲಿದ್ದ ಪತ್ರಿಕೆಯ ಮುಖಪುಟ ನೋಡಿತು, ಮತ್ತೆ ಚಿತ್ರಗಾರನನ್ನು ನೋಡಿತು.

"ಹಿಡೀರಿ," ಎಂದರು ಮೇಷ್ಟ್ರು.

"ಮೇಷ್ಟ್ರೇ, ನಾನು. ನನ್ನ ಗುರುತು ಸಿಗಲಿಲ್ವಾ?"

"ಚೆನ್ನಾಗಿ ಸಿಕ್ತು. ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ. ಅದಕ್ಕೇ ಬೇಜಾರು ಜಾಸ್ತಿ."

"ಯಾರ ಮನೇಲಿ ಏನು ಕಳುವಾಗಿದೆ, ಅದನ್ನಾದ್ರೂ ಹೇಳಿ."

"ಅದಿನ್ನೂ ಗೊತ್ತಾಗಿಲ್ಲ. ಮೊದಲು ಕಳ್ಳನ್ನ ಹಿಡೀಬೇಕು, ಕಳುವು ಆಮೇಲೆ ಹುಡುಕಿದ್ರಾಯ್ತು. ಗುದ್ದುವೀರ ಯಾವತ್ತಾದ್ರೂ ಕೇಳ್ಕೊಂಡು ಹೊಡ್ದಿದ್ದಾನಾ?"

"ಅದನ್ನ ಬರೆದೋನೇ ನಾನು."

"ನೋಡಿ, ಒಪ್ಕೊಂಡ," ಎಂದ ದರ್ಜಿ. ಕಿವಿಯ ಹಳೇ ಲೆಕ್ಕ ಅವನ ಮನಸ್ಸಿನಲ್ಲಿತ್ತು. "ಢಿಶುಂ" ಎಂದು ಬಾಯಲ್ಲೇ ಸದ್ದು ಮಾಡಿ ಎಡಗೆನ್ನೆಗೆ ಗುದ್ದಿದ.

"ಅಯ್ಯೋ," ಎಂದ ಚಿತ್ರಗಾರ. ಸುತ್ತಲಿದ್ದವರು ತಲೆದೂಗಿದರು. ಹದಿನಾಲ್ಕು ವರ್ಷಗಳಲ್ಲಿ ತನ್ನ ಕಳ್ಳರಿಗೆ ಅವನು ಬರೆದುಕೊಟ್ಟಿದ್ದ ಮಾತು ಅದೊಂದೇ. ಬೇರೆ ಏನಾದರೂ ಆಡಲು ಕಲಿಸಿದ್ದರೆ ಆಗುತ್ತಿತ್ತಲ್ಲ ಎಂದು ಅವನಿಗೆ ಈಗ ಅನ್ನಿಸಿತು. ಅಷ್ಟರಲ್ಲಿ ಎಡಗೆನ್ನೆ ಊದಿಕೊಂಡು, ಕತೆಯ ಕೊನೆಯ ಚೌಕದ ಕಳ್ಳನಿಗೂ ಅವನಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಉಳಿಯಲಿಲ್ಲ. ಇನ್ನೇನು ಪುರಾವೆ ಬೇಕೆಂದು ಬಳಗ ಅವನನ್ನು ಮೆರವಣಿಗೆಯಲ್ಲಿ ಠಾಣೆಗೆ ಒಯ್ದಿತು.

ಠಾಣೆಯಲ್ಲಿ ಪೇದೆ ಕಾಗದ ತೆಗೆದುಕೊಂಡು, "ದೂರು ಯಾರದು?" ಎಂದ. ಬಳಗದವರು ಮುಖ ಮುಖ ನೋಡಿಕೊಂಡು, ದೂರು ಸಂಜೆಯೊಳಗೆ ಹುಡುಕಿ ತರುತ್ತೇವೆಂದು ಹೇಳಿ ಹೊರಟುಹೋದರು. ಸಿಲಿಂಡರಿಗೆ ಪೇದೆ ಒಂದು ಚೀಟಿ ಕಟ್ಟಿ ಮೂಲೆಗಿಟ್ಟ. ಚಿತ್ರಗಾರನನ್ನು ಬೆಂಚಿನ ಮೇಲೆ ಕೂರಿಸಿದ. ಆಗ ಗಂಟೆ ಹನ್ನೊಂದು.

ಎರಡೂವರೆಗೆ ಇನ್ಸ್‌ಪೆಕ್ಟರು ಬಂದರು. ಹೆಸರು ಕೇಳಿದವರೇ ಕುರ್ಚಿ ಎಳೆದುಕೊಂಡು ಎದುರು ಕೂತರು.

"ಗುದ್ದುವೀರ ಬರೆಯೋರು ನೀವೇನಾ? ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು ಅಂತ ಹದಿನಾಲ್ಕು ವರ್ಷದಿಂದ ಕಾಯ್ತಿದ್ದೀನಿ. ನಮ್ಮನ್ನ ಯಾಕೆ ಯಾವಾಗ್ಲೂ ಕೊನೇ ಚೌಕದಲ್ಲಿ ಹಾಕ್ತೀರಿ? ಎಲ್ಲಾ ಮುಗಿದ ಮೇಲೆ ಹೊಟ್ಟೆ ಹೊತ್ಕೊಂಡು ಬಂದು 'ಧನ್ಯವಾದ ಗುದ್ದುವೀರ' ಅನ್ನೋದಷ್ಟೇನಾ ನಮ್ಮ ಕೆಲ್ಸ?"

"ತಪ್ಪಾಯ್ತು ಸಾರ್."

"ನಾನು ಒಬ್ಬನ ಕಾಲರ್ ಮುಟ್ಟಿದ್ರೆ ಮೂರು ಪ್ರತಿ ವರದಿ ಬರೀಬೇಕು. ನಿಮ್ಮ ಗುದ್ದುವೀರ ಹಲ್ಲು ಉದುರಿಸಿದ್ರೂ ಜನ ಚಪ್ಪಾಳೆ ತಟ್ತಾರೆ. ಒಂದು ತುಂಡು ಬಟ್ಟೆ ಮಾಡೋ ಕೆಲ್ಸ ನೋಡಿ." ಇನ್ಸ್‌ಪೆಕ್ಟರಿಗೆ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು. ಮಾತಾಡುತ್ತಲೇ ಸುರುಳಿ ಬಿಚ್ಚಿ ನೋಡಿದರು. "ಇದ್ಯಾಕೆ ಮುಖ ಖಾಲಿ?"

"ಇನ್ನೂ ಸಿಕ್ಕಿಲ್ಲ ಸಾರ್. ನಾಲ್ಕು ಗಂಟೆಯೊಳಗೆ ಸಿಗದಿದ್ರೆ ನನ್ನ ಅನ್ನಕ್ಕೇ ಕಲ್ಲು."

ಇನ್ಸ್‌ಪೆಕ್ಟರು ಎದ್ದು ಹೋಗಿ ಗೋಡೆಯ ಕನ್ನಡಿ ಮುಂದೆ ಮೀಸೆ ಬಾಚಿಕೊಂಡು ಬಂದರು. ಕಿಟಕಿಯ ಬೆಳಕಿಗೆ ಮುಖ ಅರ್ಧ ತಿರುಗಿಸಿ ಕೂತು, "ದೂರು ಇಲ್ಲದೆ ನಿಮ್ಮನ್ನ ಇಟ್ಕೊಳ್ಳೋ ಹಾಗಿಲ್ಲ. ಹಾಗಂತ ಈಗ್ಲೇ ಬಿಡ್ಬೇಕು ಅಂತಾನೂ ಇಲ್ಲ," ಎಂದರು. ಎಲ್ಲೋ ಗೋಡೆಯ ಕಡೆ ನೋಡುತ್ತ ಹೇಳಿದರು.

ಚಿತ್ರಗಾರನಿಗೆ ಅರ್ಥವಾಯಿತು. ಬೆಂಚಿನ ಮೇಲೆ ಪುಟ ಹರಡಿ ಕುಂಚ ತೆಗೆದ. ಕಣ್ಣೆದುರು ಮುಖವಿದ್ದರೆ ಅವನ ಕೈ ತಡೆಯುವವರಿಲ್ಲ. ಹುಬ್ಬಿನ ಗಾಯದ ಕಲೆ, ಮೀಸೆಯ ಒಂದೊಂದು ಕೂದಲು ಕಾಗದಕ್ಕೆ ಇಳಿದವು. ಇನ್ಸ್‌ಪೆಕ್ಟರು ತಮ್ಮ ಜೀಪಿನಲ್ಲೇ ಅವನನ್ನು ಕಳಿಸಿಕೊಟ್ಟರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಪುಟ ಅಚ್ಚುಮನೆ ಸೇರಿತು. ಸಂಪಾದಕರು ಮುಖ ನೋಡಿ, "ಪದಬಂಧ ರದ್ದು," ಎಂದರು. ಚಿತ್ರಗಾರನಿಗೆ ಹೋದ ಜೀವ ಬಂದಂತಾಯಿತು.

ಆರಕ್ಕೆ ಪುರವಣಿ ಬೀದಿಗೆ ಬಂತು. ಏಳಕ್ಕೆ ಅದೇ ಜೀಪು ಅವನ ಮನೆ ಮುಂದೆ ಬಂದು ನಿಂತಿತು. ಸನ್ಮಾನವೇ ಇರಬೇಕೆಂದು ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತಿದ.

ಠಾಣೆಯಲ್ಲಿ ಇನ್ಸ್‌ಪೆಕ್ಟರ ಕುರ್ಚಿಯಲ್ಲಿ ಅವರ ಮೇಲಧಿಕಾರಿಣಿ ಕೂತಿದ್ದರು. ಮೇಜಿನ ಮೇಲೆ ಹದಿನಾಲ್ಕು ವರ್ಷದ ಸಂಚಿಕೆಗಳಿದ್ದವು. ಅವನ್ನು ಇನ್ಸ್‌ಪೆಕ್ಟರೇ ಜೋಪಾನವಾಗಿ ಕೂಡಿಟ್ಟಿದ್ದರು.

"ಏಳುನೂರ ಮೂರು ಜನರಿಗೆ ಹೊಡೆತ," ಎಂದರು ಮೇಲಧಿಕಾರಿಣಿ. "ಒಂದಕ್ಕೂ ದೂರಿಲ್ಲ, ವರದಿಯಿಲ್ಲ. ಹೊಡೆದೋರು ನಮ್ಮ ಇಲಾಖೆಯೋರು."

"ಮೇಡಂ, ಅದು ಚಿತ್ರಕತೆ," ಎಂದ ಚಿತ್ರಗಾರ.

"ಮುಸುಕು ಇದ್ದಾಗ ಚಿತ್ರಕತೆ. ಯಾರೂ ಕೇಳ್ತಿರಲಿಲ್ಲ. ಈಗ ಮುಖ ಬಂದಿದೆ, ಮುಖಕ್ಕೆ ಇಲಾಖೆಯ ನಂಬರು ಇದೆ. ನೀವು ಕಣ್ಣಾರೆ ಕಾಣದ ಮುಖ ಬರೆಯೋದಿಲ್ಲ ಅಂತ ನಿಮ್ಮ ಬೀದಿಯವರೇ ಹೇಳಿಕೆ ಕೊಟ್ಟಿದ್ದಾರೆ."

ಬಾಗಿಲ ಬಳಿ ಡ್ರಿಲ್ ಮೇಷ್ಟ್ರು ಮುಸುಕನ್ನು ಮಡಿಸಿ ಜೇಬಿಗೆ ತುರುಕುತ್ತ ನಿಂತಿದ್ದರು. "ಇನ್ಸ್‌ಪೆಕ್ಟರ ಕೆಲ್ಸ ಅಂತ ಗೊತ್ತಿದ್ರೆ ನಾವ್ಯಾಕೆ ಕೈ ಹಾಕ್ತಿದ್ವಿ ಮೇಡಂ," ಎಂದರು ವಿನಯದಿಂದ. ದರ್ಜಿ ಕಿವಿ ಮುಟ್ಟಿಕೊಂಡು ಹೌದೆಂದ.

ಆಜ್ಞೆ ಹೊರಬಿತ್ತು. ವಿಚಾರಣೆ ಮುಗಿಯುವವರೆಗೆ ಗುದ್ದುವೀರ ಬಂದ್. ಬರೆದ ಪುಟ, ಬರೆಯುವ ಕುಂಚ ಎಲ್ಲ ಠಾಣೆಯ ವಶಕ್ಕೆ. ದಿನಕ್ಕೊಂದು ಪ್ರಕರಣದಂತೆ ಏಳುನೂರ ಮೂರು ದಿನ, ಪ್ರತ್ಯಕ್ಷದರ್ಶಿ ಚಿತ್ರಗಾರ ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು. ಸಂಪಾದಕರಿಗೆ ಸುದ್ದಿ ಮುಟ್ಟಿ, ಪದಬಂಧ ಆಗಲೇ ಅಚ್ಚಿಗೆ ಹೋಗಿತ್ತು.

ಚಿತ್ರಗಾರ ಮಧ್ಯಾಹ್ನದ ಬೆಂಚಿಗೇ ಬಂದು ಕುಸಿದು ಕೂತ. ಸಿಲಿಂಡರು ಚೀಟಿ ಕಟ್ಟಿಕೊಂಡು ಮೂಲೆಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಟೋಪಿ ಕೈಯಲ್ಲಿ ಹಿಡಿದ ಇನ್ಸ್‌ಪೆಕ್ಟರು ಬಂದು, "ಸ್ವಲ್ಪ ಸರ್ಕೊಳ್ಳಿ," ಎಂದು ಪಕ್ಕದಲ್ಲಿ ಕೂತರು. ಟೋಪಿಯನ್ನು ತೊಡೆಯ ಮೇಲಿಟ್ಟು ಮೀಸೆ ಸವರಿಕೊಂಡರು.

"ನನ್ನ ಮೀಸೆಗೆ," ಎಂದರು ಇನ್ಸ್‌ಪೆಕ್ಟರು ಕೊನೆಗೆ, "ಆ ದರ್ಜಿಯ ಕಿವಿ ಅಂಟಿಸಬಾರದಿತ್ತೇನ್ರೀ?"