ಕಾಜಾ ಅಕ್ಕನವರ ಕಣ್ಣು ಮತ್ತೆ ಮಂಜಾಗದಂತೆ ತಡೆಯುವ ಕುರಿತು

ಹೊಲಿಗೆ ವಿಭಾಗ, ಮಹಡಿ ಕೋಣೆ
ಸಂಖ್ಯೆ: ಹೊ.ವಿ./ಕಣ್ಣು/ಎಡ (ಬಲಗಣ್ಣಿನ ಸರದಿ ಇನ್ನೂ ಬಂದಿಲ್ಲ)

ವಿಷಯ: ಪೊರೆ ತೆಗೆಸಿಕೊಂಡ ಕಣ್ಣಿನಲ್ಲಿ ಎರಡನೇ ಪೊರೆ ಕವಿಯದಂತೆ ಸಿಬ್ಬಂದಿ ವಹಿಸಬೇಕಾದ ಎಚ್ಚರ.
ಉಲ್ಲೇಖ: ಕಣ್ಣಿನ ಡಾಕ್ಟರು ಹೇಳಿದ ಮಾತು, ಕಟಿಂಗ್ ಮಾಸ್ತರರು ಕೇಳಿಸಿಕೊಂಡು ಬಂದಷ್ಟು.

ಅಂಗಿಗಳ ಗುಂಡಿ ತೂತಿಗೆ ಕಾಜಾ ಹೊಲಿಯುವ ಅಕ್ಕನವರು ಆಪರೇಷನ್ ಮುಗಿಸಿ ಕೆಲಸಕ್ಕೆ ಮರಳಿರುತ್ತಾರೆ. ಆದರೆ ಹೊಸ ಲೆನ್ಸ್ ಕೂರಿಸಿದ ಕಣ್ಣೊಳಗಿನ ತೆಳು ಚೀಲ ಮುಂದೊಂದು ದಿನ ಮಸುಕಾಗಬಹುದೆಂದು ತಿಳಿದಾಗಿನಿಂದ ಕೈಕಟ್ಟಿ ಕೂತು, "ಮತ್ತೆ ಮಂಜಾದ್ರೆ ನನ್ನ ಕಿಟಕಿ ಪಕ್ಕದ ಸ್ಟೂಲು ಯಾರಿಗೆ ಕೊಡ್ತೀರಿ, ಈಗಲೇ ಹೇಳಿಬಿಡಿ" ಎಂದು ಕೇಳುತ್ತಿರುವುದು ವಿಭಾಗದ ಗಮನಕ್ಕೆ ಬಂದಿದೆ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಕಣ್ಣೂ ಕಿಟಕಿ ಗಾಜಿನಂತೆ ಹಬೆಗೆ ಮಂಜಾಗುತ್ತದೆಂದು ಮಾಸ್ತರರು ಅಭಿಪ್ರಾಯಪಟ್ಟಿರುವುದರಿಂದ, ಇಸ್ತ್ರಿಯಣ್ಣನವರು ಗೋಡೆಗೆ ಮುಖ ಮಾಡಿ ಇಸ್ತ್ರಿ ಮಾಡತಕ್ಕದ್ದು.

2. ಅಕ್ಕನವರ ಚಹಾ ಲೋಟದ ಮೇಲೆ ತಟ್ಟೆ ಮುಚ್ಚತಕ್ಕದ್ದು. ಕುಡಿಯುವಾಗಲೂ ತೆಗೆಯುವಂತಿಲ್ಲ.

3. ಕಣ್ಣೀರು ನಿಷಿದ್ಧ. ಮಾಸ್ತರರು ತಮ್ಮ ಅತ್ತೆಯ ಕೊನೆಗಾಲದ ಕಥೆಯನ್ನು ಅತ್ತೆಯವರು ಸಾಯುವ ಮೊದಲೇ ನಿಲ್ಲಿಸತಕ್ಕದ್ದು.

4. ನಕ್ಕರೂ ಅಕ್ಕನವರ ಕಣ್ಣಲ್ಲಿ ನೀರು ಬರುವುದರಿಂದ ನಗಿಸುವುದೂ ನಿಷಿದ್ಧ. ನಿಯಮ 3ನ್ನು ಗಟ್ಟಿಯಾಗಿ ಓದಿದಾಗಲೇ ಇದರ ಉಲ್ಲಂಘನೆಯಾಗಿದ್ದು, ಇಡೀ ವಿಭಾಗ ತಪ್ಪಿತಸ್ಥವೆಂದು ಕಂಡುಬಂದಿದೆ.

5. ಸೊಟ್ಟ ಹೊಲಿಗೆ ತೋರಿಸಿ ಹೊಸ ಕಣ್ಣಿಗೆ ಆಯಾಸ ಕೊಡುವಂತಿಲ್ಲ. ಕಾಲರು ಹೊಲಿಯುವ ಹುಡುಗಿ ತನ್ನ ಕೆಲಸವನ್ನು ಮಗುಚಿ ಇಡತಕ್ಕದ್ದು. "ಇಷ್ಟು ವರ್ಷ ಹೀಗೇ ಹೊಲಿದು ಕೊಟ್ಟಿದ್ದೀಯಾ, ನನ್ನ ತಾಯಿ?" ಎಂದು ಅಕ್ಕನವರು ಕೇಳಿದ ಮೇಲೆ ಹುಡುಗಿ ಉಳಿದ ಕಾಲರುಗಳನ್ನೂ ಮಗುಚಿರುತ್ತಾಳೆ.

6. ಮೇಲಿನವನ್ನು ಫೋನಿನಲ್ಲಿ ಓದಿ ಹೇಳಲಾಗಿ, ಡಾಕ್ಟರು ತಿಳಿಸಿದ್ದೇನೆಂದರೆ: "ಹಬೆಗೂ ಅಳುವಿಗೂ ಅದಕ್ಕೂ ಸಂಬಂಧ ಇಲ್ಲಮ್ಮ. ಹಳೇ ಲೆನ್ಸಿನ ಜೀವಕಣ ಒಳಗೆ ಉಳಿದಿದ್ರೆ ಬೆಳೆದು ಪೊರೆ ಕಟ್ಟುತ್ತೆ. ಅದಕ್ಕೇ ಆಪರೇಷನ್ನಲ್ಲೇ ಚೀಲ ಚೊಕ್ಕ ಮಾಡಿ, ಕಣ ಹಿಂದಕ್ಕೆ ಹರಡದ ಹಾಗೆ ಅಂಚು ಚೌಕ ಇರೋ ಲೆನ್ಸು ಕೂರಿಸಿದ್ದೀನಿ. ಆದ್ರೂ ಮಸುಕಾದ್ರೆ ಕರ್ಕೊಂಡು ಬನ್ನಿ, ಲೇಸರಲ್ಲಿ ಬೇಗ ಸರಿ ಮಾಡ್ತೀವಿ. ಮೊದಲು ಆ ಇಸ್ತ್ರಿಯವರನ್ನ ಈ ಕಡೆ ತಿರುಗಿಸಿ."

7. ತಿರುಗಿಸಲಾಗಿದೆ. ನಿಯಮ 1ರಿಂದ 4 ರದ್ದು. ನಿಯಮ 5 ಕಾಲರಿನ ಹುಡುಗಿಯ ಕೋರಿಕೆಯ ಮೇರೆಗೆ ಮುಂದುವರಿಯುತ್ತದೆ.

8. ನೋಟ ಮಸುಕಾದರೆ, ದೀಪದ ಬೆಳಕು ಚೆದುರಿದಂತೆ ಕಂಡರೆ ಅಕ್ಕನವರು ಮುಚ್ಚಿಡದೆ ಹೇಳತಕ್ಕದ್ದು. ಹೇಳಿದ ಗಳಿಗೆಯಲ್ಲೇ ವಿಭಾಗ ಕತ್ತರಿ ಕೆಳಗಿಟ್ಟು ಗಾಡಿ ಹಿಡಿಯತಕ್ಕದ್ದು. ಅವರು ಹೋಗಿ ಬರುವವರೆಗೆ ಸ್ಟೂಲಿನ ಮೇಲೆ ಯಾರೂ, ಬೆಕ್ಕು ಸಹ, ಕೂರುವಂತಿಲ್ಲ. ಕಣ್ಣು ಹೇಗಾದರೂ ಇರಲಿ, ಸ್ಟೂಲು ಅವರದು.

(ಸಹಿ)
ಮೇಲ್ವಿಚಾರಕಿ, ಹೊಲಿಗೆ ವಿಭಾಗ

ಪ್ರತಿಗಳು:
ಕಣ್ಣಿನ ಡಾಕ್ಟರಿಗೆ, ನಗದೆ ಓದಬೇಕೆಂದು ಕೋರಿ.
ಕಟಿಂಗ್ ಮಾಸ್ತರರಿಗೆ, ಮುಂದಿನ ಸಲ ಆಸ್ಪತ್ರೆಗೆ ಬೇರೆಯವರು ಹೋಗುವರೆಂಬ ತಿಳಿವಳಿಕೆಗಾಗಿ.
ಬೆಕ್ಕಿಗೆ, ಬಾಯಿಮಾತಿನಲ್ಲಿ.
ಕಾಜಾ ಅಕ್ಕನವರಿಗೆ ಪ್ರತಿ ಇಲ್ಲ. ಇದನ್ನು ಎದುರು ಗೋಡೆಗೆ ಅಂಟಿಸುತ್ತಿದ್ದಂತೆಯೇ ಕೂತಲ್ಲಿಂದ ಓದಿ ಮುಗಿಸಿ, ಎಡಮೂಲೆಯ ಅಂಟು ಹತ್ತಿಲ್ಲವೆಂದು ತಿಳಿಸಿ, ಸೂಜಿಗೆ ದಾರ ಪೋಣಿಸಿಕೊಂಡಿರುತ್ತಾರೆ.