ಮುಂದ ನೋಡಿಕೊಳ್ಳೋರು ಯಾರು?

ನಮ್ಮ ಕಾಕಾನನ್ನು ಶುಭಕಾರ್ಯಕ್ಕೆ ಕರೆಯಬೇಕೋ ಬೇಡವೋ ಎಂಬುದು ನಮ್ಮ ಮನೆತನದಲ್ಲಿ ಇನ್ನೂ ಇತ್ಯರ್ಥವಾಗದ ವಿಷಯ. ಕರೆದರೆ ಬರುತ್ತಾರೆ, ಅದೇ ತೊಂದರೆ! ಬಂದವರು ಅಕ್ಷತೆ ಹಾಕಿ, ಉಂಡು ಹೋಗುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾರೆ.

ಪಟಾನ್‌ಚೆರುವಿನಲ್ಲಿ ನಮ್ಮ ಸೋದರತ್ತೆಯ ಮಗಳ ಮದುವೆ. ಕಾಕಾ ಬಣ್ಣದ ಕಾಗದ ಸುತ್ತಿದ ಒಂದು ಚಪ್ಪಟೆ ಪೊಟ್ಟಣ ಕೊಟ್ಟರು. ವರನ ತಾಯಿಗೆ ಉಡುಗೊರೆಯನ್ನು ಅಲ್ಲೇ ಬಿಚ್ಚಿ ನೋಡುವ ಸ್ವಭಾವ. ಒಳಗಿದ್ದದ್ದು ಕುಕ್ಕರಿನ ಗ್ಯಾಸ್ಕೆಟ್. ಮುಚ್ಚಳದೊಳಗೆ ಕೂರುವ ಕಪ್ಪು ರಬ್ಬರು, ಅಷ್ಟೇ.

“ಕುಕ್ಕರ್ ಎಲ್ಲೈತ್ರಿ ಅಣ್ಣಾರ?” ಎಂದು ಆಕೆ ಪೊಟ್ಟಣ ತಿರುಗಿಸಿ ನೋಡಿದರು.

“ಕುಕ್ಕರ್ ಕೊಡೋ ಮಂದಿ ಭಾಳ ಅದಾರ್ರೀ. ಅದರ ರಬ್ಬರ್ ಹರದ ಮ್ಯಾಲೆ ಹೊಸಾದು ಕೊಡೋರು ಯಾರೂ ಇರಂಗಿಲ್ಲ.”

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ವರನ ಕಡೆ ತಿರುಗಿ, “ಮದುವಿ ಏನೋ ಜೋರ್ ಮಾಡೀರಿ. ಮುಂದ ನೋಡಿಕೊಳ್ಳೋರು ಯಾರು?” ಎಂದು ಕೇಳಿಯೇಬಿಟ್ಟರು. ಪಾಪ, ಆ ಹುಡುಗ ಹೆದರಿ ಕೈ ಮುಗಿದು, “ನಾನs ರೀ” ಎಂದ. ನನಗೆ ತಿಳಿದಂತೆ ಕಾಕಾನಿಗೆ ಸಮಾಧಾನವಾಗುವ ಉತ್ತರ ಕೊಟ್ಟ ಮೊದಲ ಮನುಷ್ಯ ಅವನೇ.

ಈ ಪ್ರಶ್ನೆಯೇ ಕಾಕಾನ ಹೊಟ್ಟೆಪಾಡು. ಅವರ ಕಾರ್ಡಿನ ಮೇಲೆ ‘ಸ್ಥಳೀಯ ಸರ್ಕಾರಗಳ ಹಣಕಾಸು ತಜ್ಞ’ ಎಂದಿತ್ತು. ಬಂಧುಗಳಿಗೆ ಇದನ್ನು ವಿವರಿಸುವ ಭಾರ ನಮ್ಮಪ್ಪನ ಮೇಲೆ ಬೀಳುತ್ತಿತ್ತು. ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಪ್ಪ ಬಹಳ ಸರಳವಾಗಿ ಹೇಳುತ್ತಿದ್ದರು: “ನಮ್ಮ ತಮ್ಮ ಮಂದಿ ಊರಿನ ಮುನ್ಸಿಪಾಲ್ಟಿ ನೋಡಾಕ ವಿಮಾನದಾಗ ಹೋಗ್ತಾನ. ನಮ್ಮ ಓಣಿ ಗಟಾರ ನೋಡಾಕ ನಡಕೊಂತನೂ ಬರಂಗಿಲ್ಲ.”

ಕೆಲಸ ನಿಜವಾಗಿ ಇಷ್ಟು. ಶ್ರೀಮಂತ ದೇಶದ ನೆರವಿನಿಂದ ಬಡ ದೇಶದ ಸಣ್ಣ ಊರಿನಲ್ಲಿ ನೀರಿನ ಟ್ಯಾಂಕೋ ಸಂತೆಕಟ್ಟೆಯೋ ಎದ್ದು ನಿಲ್ಲುತ್ತದೆ. ಕಟ್ಟಿದವರ ಜೀಪುಗಳು ಹೊರಟು ಹೋಗುತ್ತವೆ. ಆಮೇಲೆ ಪಂಪಿನ ಕರೆಂಟು, ಕಾವಲುಗಾರನ ಸಂಬಳ ಎಲ್ಲಿಂದ ಬರಬೇಕು? ಮನೆ ಕಂದಾಯವೋ, ನೀರಿನ ಕರವೋ, ಅಂಗಡಿ ಬಾಡಿಗೆಯೋ, ಊರಿನ ಸದಸ್ಯರ ಜೊತೆ ತಿಂಗಳುಗಟ್ಟಲೆ ಕೂತು ಕಾಕಾ ಅದಕ್ಕೊಂದು ದಾರಿ ಹುಡುಕುತ್ತಿದ್ದರು.

ಆಫ್ರಿಕದ ಒಂದು ಬೆಟ್ಟದೂರಿನಲ್ಲಿ ಟ್ಯಾಂಕಿನ ಉದ್ಘಾಟನೆ. ಎರಡು ಮಾತಾಡಿ ಎಂದು ಕಾಕಾನ ಕೈಗೆ ಮೈಕು ಕೊಟ್ಟರಂತೆ. ಕೊಡುವವರಿಗೆ ಬುದ್ಧಿ ಬೇಡವೇ? ಇವರು ಪ್ರಶ್ನೆ ಕೇಳಿದರು. ಬ್ಯಾಂಡು ನಿಂತುಹೋಯಿತಂತೆ. ಇಲ್ಲಿಯವರೆಗೆ ನಾವೆಲ್ಲ ನಗುತ್ತಿದ್ದೆವು. ಕಾಕಾ ಕತೆಯನ್ನು ಇಲ್ಲಿಗೆ ಮುಗಿಸುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಮತ್ತೆ ಆ ಊರಿಗೆ ಹೋದಾಗ ಟ್ಯಾಂಕಿನಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದವು. ಹೆಣ್ಣುಮಕ್ಕಳು ಹಳೆಯ ಹಳ್ಳಕ್ಕೇ ಕೊಡ ಹೊತ್ತು ನಡೆದಿದ್ದರು. ಇದನ್ನು ಹೇಳುವಾಗ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ನಾವು ನಗು ಬಿಟ್ಟು ಚಹಾ ಬಗ್ಗಿಸುತ್ತಿದ್ದೆವು.

ಗಚ್ಚಿಬೌಲಿಯ ಅವರ ಅಪಾರ್ಟ್‌ಮೆಂಟಿನಲ್ಲಿ ಕಾರಂಜಿ ಹಾಕಿಸುವ ಮಾತು ಬಂತು. ಸಭೆಯಲ್ಲಿ ಕಾಕಾ ಎದ್ದು ನಿಂತರು. “ಬೈಠಿಯೇ ಸಾಬ್, ಬೈಠಿಯೇ,” ಎಂದು ಪ್ರಶ್ನೆ ಬರುವ ಮೊದಲೇ ಎಲ್ಲರೂ ಕೂರಿಸಿದರು. ಕಾರಂಜಿ ಒಂದು ಬೇಸಿಗೆ ಚಿಮ್ಮಿತು. ಆಮೇಲೆ ಮೋಟಾರು ಸುಟ್ಟಿತು, ನೀರು ಹಸಿರಾಯಿತು. ಬಾಲ್ಕನಿಯಿಂದ ಅದನ್ನು ತೋರಿಸಿ ಕಾಕಾ, “ನಾ ಅವತ್ತs ಹೇಳಿದ್ದೆ,” ಎಂದರೆ, ಅವರ ಹೆಂಡತಿ, ನಮ್ಮ ಕಾಕು, ಕೈಮೇಲೆ ಕೂತ ಸೊಳ್ಳೆ ಹೊಡೆದು ಹೇಳಿದರು: “ಹೌದ್ರೀ, ನೀವು ಗೆದ್ರಿ. ಸೊಳ್ಳಿನೂ ಗೆದ್ವು.”

ಇನ್ನು ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ. ಅಂದು ನಾನು ಅದೇ ಮನೆಯಲ್ಲಿ, ಅವರ ನಡುವೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

ಕಾಕಾ ಕಾಕುವಿಗೆ ಮಕ್ಕಳಿರಲಿಲ್ಲ. ಶಾಲೆಯ ಟೀಚರಾಗಿದ್ದ ಕಾಕು ನಗರದ ಒಂದು ಅನಾಥಾಲಯದಲ್ಲಿ, ಆಗಷ್ಟೇ ಶಾಲೆಗೆ ಸೇರುವ ವಯಸ್ಸಿನ ಒಬ್ಬ ಹುಡುಗಿಯನ್ನು ನೋಡಿ ಬಂದಿದ್ದರು.

“ಕೂದಲಾ ನೋಡಬೇಕ್ರೀ ಆ ಹುಡಗೀದು. ಎರಡು ಜಡಿ ಹಾಕಿದ್ರೂ ಉಳೀತಾವ,” ಎಂದು ತಮ್ಮ ಹೆಗಲ ಮೇಲೆ ಅಳತೆ ತೋರಿಸಿದರು. ಆಮೇಲೆ ದನಿ ಸಣ್ಣಗೆ ಮಾಡಿ, “ಕರಕೊಂಡು ಬರೋಣೇನ್ರೀ?” ಎಂದರು.

ಕಾಕಾ ಕನ್ನಡಕ ತೆಗೆದರು. “ನಮ್ಮ ವಯಸ್ಸ ನೋಡು. ನಾವು ಹೋದ ಮ್ಯಾಲೆ ಆಕಿನ್ನ ನೋಡಿಕೊಳ್ಳೋರು ಯಾರು?”

ಕಾಕು ನನ್ನ ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ಕಾಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕುತ್ತಿದ್ದರು. ನಾನು ಹೆಕ್ಕಿ ಬದಲಾಯಿಸುತ್ತಾ ಹೋದೆ.

ಕಾಕಾನ ವೃತ್ತಿಯಲ್ಲಿ ಆ ಪ್ರಶ್ನೆಯಿಂದ ಮಾತು ಶುರುವಾಗುತ್ತದೆ. ಕೇಳಿದ ಮೇಲೆ ಎಲ್ಲರೂ ಕೂಡಿ ಉತ್ತರ ಹುಡುಕುತ್ತಾರೆ. ಅದಕ್ಕೆ ಕಾಲ ಹಿಡಿಯುತ್ತದೆ. ಕಾಕು ಉತ್ತರ ತರುತ್ತಾರೆ ಎಂದು ಅವರು ಕಾದರು. ಪರದೇಶದ ಯಾವುದೋ ಊರಿನಲ್ಲಿದ್ದಾಗಲೂ ಕಾದೆ ಎಂದು ನನಗೆ ಅವರೇ ಹೇಳಿದ್ದಾರೆ. ಕಾಕು ಆ ಪ್ರಶ್ನೆಯನ್ನೇ ಉತ್ತರವೆಂದು ತಿಳಿದಿದ್ದರು. ಗಂಡ ಬೇಡ ಅನ್ನದೆ ಬೇಡ ಅಂದರು ಎಂದು ತಿಳಿದು ಸುಮ್ಮನಾಗಿದ್ದರು. ಕೊನೆಗೊಂದು ದಿನ ಕಾಕಾ ತಾವಾಗಿಯೇ, “ಆ ಹುಡಗಿ ವಿಚಾರ ಏನಾತು?” ಎಂದರು.

“ಆಕಿನ್ನ ಯಾರೋ ಕರಕೊಂಡು ಹೋದ್ರಂತ,” ಎಂದರು ಕಾಕು. “ನೋಡಿಕೊಳ್ಳೋರು ಸಿಕ್ರು.”

ಆ ಮೇಲೂ ಕಾಕಾ ಮದುವೆಗಳಿಗೆ ಗ್ಯಾಸ್ಕೆಟ್ ಕೊಡುತ್ತಲೇ ಇದ್ದರು. ನಾವೂ ನಗುತ್ತಲೇ ಇದ್ದೆವು.

ಹೋದ ಚಳಿಗಾಲ ಕಾಕುವಿಗೆ ಲಕ್ವಾ ಹೊಡೆಯಿತು. ಬಲಗೈ ಏಳಲಿಲ್ಲ, ಮಾತು ತಡವರಿಸತೊಡಗಿತು. ಆಸ್ಪತ್ರೆಯಿಂದ ಬಿಡುವ ದಿನ, ಔಷಧಿಗಳನ್ನು ವಿವರಿಸಲು ಬಂದ ತೆಲುಗು ನರ್ಸು ನಮ್ಮೆಲ್ಲರ ಮುಖ ನೋಡಿ ಕೇಳಿದಳು: “ಅಮ್ಮನಿ ಚೂಸುಕುನೇದಿ ಎವರಂಡಿ?”

ಅಮ್ಮನನ್ನು ನೋಡಿಕೊಳ್ಳುವವರು ಯಾರು? ದೇಶದೇಶಗಳಲ್ಲಿ ಈ ಪ್ರಶ್ನೆ ಕೇಳಿ ಬಂದ ಮನುಷ್ಯ ಅದನ್ನು ಮೊದಲ ಸಲ ಕೇಳಿಸಿಕೊಂಡವರಂತೆ ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಶಾಲೆಯ ಮಕ್ಕಳಂತೆ ಕೈಯೆತ್ತಿ, “ನೇನೇ” ಎಂದರು. ನಾನೇ.

ಈಗ ಅನ್ನ ಕಲಸಿ ತಿನ್ನಿಸುವುದು, ಕಾಲು ತಿಕ್ಕುವುದು, ತಲೆ ಬಾಚುವುದು, ಎಲ್ಲವೂ ಅವರದೇ. ಮೊನ್ನೆ ಸಂಜೆ ನಾನು ಹೋದಾಗ ಕಾಕು ಬಾಲ್ಕನಿಯಲ್ಲಿ ಕೂತಿದ್ದರು. ಹಿಂದೆ ಕಾಕಾ ಜಡೆ ಹೆಣೆಯುತ್ತಿದ್ದರು. ಜಡೆ ಎಡಕ್ಕೆ ಹೊರಟು, ನಡುವೆ ಮನಸ್ಸು ಬದಲಾಯಿಸಿ ಬಲಕ್ಕೆ ತಿರುಗಿತ್ತು. ಕಾಕು ಎಡಗೈಯಿಂದ ಅದನ್ನು ಮುಂದಕ್ಕೆಳೆದುಕೊಂಡು ನೋಡಿದರು. ನಕ್ಕರು. ಆಮೇಲೆ ಒಂದೊಂದೇ ಮಾತು ಕೂಡಿಸಿ ಹೇಳಿದರು:

“ಆ ಹುಡಗಿ ಬಂದಿದ್ರ… ಆಕಿಗೂ ಹಿಂಗs ಹಾಕ್ತಿದ್ರಿ.”

ಕಾಕಾನ ಕೈ ನಿಂತಿತು. ಕೆಳಗೆ ಒಣಗಿದ ಕಾರಂಜಿಯ ಕಟ್ಟೆಯ ಮೇಲೆ ಯಾರದೋ ಮಕ್ಕಳು ಓಡುತ್ತಿದ್ದವು. ಕಾಕಾ ಜಡೆಯನ್ನು ಪೂರ್ತಿ ಬಿಚ್ಚಿದರು.

“ಕಲೀತಿದ್ದೆ,” ಎಂದರು. ಮತ್ತೆ ಕೂದಲನ್ನು ಮೂರು ಪಾಲು ಮಾಡತೊಡಗಿದರು.